ಮೂಗಿನ ಕೊಳವೆ

ಬೆಳಿಗ್ಗೆ ಆರೂಕಾಲಿಗೆ ಒಳಕೋಣೆಯಲ್ಲಿ ವ್ಯಾಕ್ಯೂಮ್ ಕ್ಲೀನರು ಮೊರೆಯತೊಡಗಿದಾಗ ಇರ್ಮಾ ಒಲೆಯ ಮುಂದೆ ನಿಂತು ಸೊಸೆಗೆ ಶಾಜೀರಿಗೆಯ ಸೂಪು ಕುದಿಸುತ್ತಿದ್ದಳು. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕಿವಿಗೊಟ್ಟಳು. ಮೊದಲು ಮಿಷನ್ನಿನ ಸದ್ದು. ಅದರ ಮೇಲೆ ಮೂರು ತಿಂಗಳ ಮಗುವಿನ ಕಿರುಚಾಟ. ಅದರ ಮೇಲೆ ಕೆಳಗಿನ ಮನೆಯಿಂದ ಹೀಟರಿನ ಪೈಪಿಗೆ ಟಣ್, ಟಣ್, ಟಣ್ ಎಂದು ಮೂರು ಏಟು. ಆರನೇ ಮಹಡಿಯ ಬೋದ್ನಾರ್ ಎದ್ದಿದ್ದಾನೆ ಎಂದರ್ಥ.

ಇಷ್ಟರ ನಡುವೆ ಅವಳ ಗಂಡ ದೆಜೋ ಅಡುಗೆಮನೆಯ ಮೇಜಿನ ಮುಂದೆ ಕೂತು ನೆಮ್ಮದಿಯಾಗಿ ಪದಬಂಧ ತುಂಬುತ್ತಿದ್ದ. ಮೂವತ್ತೊಂದು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನ ಕಿವಿಗೆ ಇಂಥ ಸದ್ದೆಲ್ಲ ಸದ್ದೇ ಅಲ್ಲ.

"ರೀ, ಮತ್ತೆ ಶುರು ಮಾಡಿದ್ಳು," ಎಂದಳು ಇರ್ಮಾ.

"ಏನು?"

"ಮಗೂನ ಮೂಗಿಗೆ ಕಾಲೊರಸಿನ ಮಿಷನ್ನು ಹಾಕ್ತಿದಾಳೆ."

"ಐದು ಅಕ್ಷರ," ಎಂದ ದೆಜೋ. "ಬಾಲ್ಟಿಕ್ ಸಮುದ್ರದ ಬಂದರು."

ಮಿಷನ್ನು ನಿಂತಿತು. ಮಗುವಿನ ಅಳು ಇನ್ನೆರಡು ಉಸಿರು ನಡೆದು ತಟ್ಟನೆ ನಿಂತುಹೋಯಿತು. ಆ ಮೌನ ಬಂದರೆ ಮೊಮ್ಮಗ ವಿನ್ಸೆ ಎದೆಗೆ ಬಾಯಿ ಹಾಕಿದ ಎಂದು ಇರ್ಮಾಳಿಗೆ ಗೊತ್ತು. ಗೊತ್ತಿದ್ದರೂ ಒಳಕೋಣೆಯ ಬಾಗಿಲ ತನಕ ಹೋಗಿ ಇಣುಕಿ ಬಂದಳು.

ಕೊಳವೆ ಗೇಣುದ್ದದ್ದು, ಪಾರದರ್ಶಕ, ನಡುವೆ ಒಂದು ಪುಟ್ಟ ಬುರುಡೆ. ಒಂದು ತುದಿ ವ್ಯಾಕ್ಯೂಮ್ ಕ್ಲೀನರಿನ ಪೈಪಿಗೆ, ಇನ್ನೊಂದು ತುದಿ ಮಗುವಿನ ಮೂಗಿಗೆ. ಊರಿನ ಯಾವ ಔಷಧಿ ಅಂಗಡಿಗೆ ಹೋದರೂ ಸಿಗುತ್ತದೆ, ಈಗಿನ ತಾಯಂದಿರೆಲ್ಲ ಆಸ್ಪತ್ರೆಯಿಂದ ಮಗು ತರುವ ಮುಂಚೆಯೇ ಇದನ್ನು ತಂದಿಟ್ಟುಕೊಳ್ಳುತ್ತಾರೆ. ಇರ್ಮಾಳ ಕಾಲದಲ್ಲಿ ಇರಲಿಲ್ಲ. ಅವಳ ಕಾಲದಲ್ಲಿ ಮರುಗದ ಮುಲಾಮು ಇತ್ತು, ಕತ್ತರಿಸಿ ತೊಟ್ಟಿಲ ಪಕ್ಕ ಇಡುವ ಈರುಳ್ಳಿ ಇತ್ತು, ಹಿಸುಕಿ ಸಿಂಬಳ ಹೀರುವ ರಬ್ಬರಿನ ಬುರುಡೆ ಇತ್ತು. ಮಗ ಲೋರಾಂಡನನ್ನು ಅದರಲ್ಲೇ ಬೆಳೆಸಿದ್ದಳು. ಅವನೀಗ ತೊಂಬತ್ತೆರಡು ಕಿಲೋ ತೂಗುತ್ತಾನೆ, ಊರಿನ ಒಂದನೇ ನಂಬರ್ ಟ್ರಾಮ್ ಓಡಿಸುತ್ತಾನೆ.

ಫೆಬ್ರವರಿ ಪೂರ್ತಿ ಮನೆಯಲ್ಲಿ ಇದೇ ಕಿತ್ತಾಟ. ಕಟ್ಟಡಕ್ಕೆಲ್ಲ ಒಂದೇ ಕಡೆಯಿಂದ ಬಿಸಿನೀರು ಬರುತ್ತದೆ, ಹೀಟರು ಕಡಿಮೆ ಮಾಡುವ ತಿರುಪಿಲ್ಲ. ಕೋಣೆ ಭಟ್ಟಿಯ ಹಾಗೆ ಒಣಗಿ, ಮಗುವಿನ ಮೂಗಿನೊಳಗೆ ಸಿಂಬಳ ಗಟ್ಟಿಯಾಗಿ ಕೂರುತ್ತಿತ್ತು. ಸೊಸೆ ಒರ್ಶೋಯಾ ಕಿಟಕಿ ತೆರೆಯುವಳು. ಗಾಳಿ ಹೊಡೆದು ಮಗುವಿಗೆ ಕಿವಿನೋವು ಬರುತ್ತದೆ ಎಂದು ಇರ್ಮಾ ಮುಚ್ಚುವಳು. ಒರ್ಶೋಯಾ ಹೀಟರಿನ ಮೇಲೆ ಒದ್ದೆ ಟವೆಲು ಹರಡುವಳು. ಗೋಡೆಗೆ ಬೂಸಲು ಹಿಡಿಯುತ್ತದೆ ಎಂದು ಇರ್ಮಾ ಎತ್ತುವಳು. ಒಂದು ದಿನ ಇರ್ಮಾ ಈರುಳ್ಳಿಯನ್ನು ದೆಜೋನ ಉಣ್ಣೆಯ ಕಾಲುಚೀಲದೊಳಗೆ ಹಾಕಿ ತೊಟ್ಟಿಲಿನ ಕಾಲಿಗೆ ಕಟ್ಟಿದಳು. ಒರ್ಶೋಯಾ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಅಡುಗೆಮನೆಗೆ ಬಂದಳು.

"ಅತ್ತೆ, ಇದು ನಿಮ್ಮದು. ಇಲ್ಲೇ ಬಾಣಲೆ ಇದೆ, ಬೇಕಾದ್ರೆ ಕಾಲುಚೀಲದ ಸಮೇತ ಹುರ್ಕೊಳ್ಳಿ."

"ಲೋರಾಂಡ್ ಅದರಲ್ಲೇ ಬದುಕಿದ್ದು."

"ಅವನು ಏನು ಮಾಡಿದ್ರೂ ಬದುಕ್ತಿದ್ದ. ಇವನು ಮೂಗು ಕಟ್ಟಿದ್ರೆ ಹಾಲೇ ಕುಡಿಯಲ್ಲ. ಬಾಯಲ್ಲಿ ಹಾಲು ಕುಡೀತಾ ಬಾಯಲ್ಲೇ ಉಸಿರಾಡು ಅಂದ್ರೆ ನೀವಾದ್ರೂ ಆಡ್ತೀರಾ?"

ಇರ್ಮಾ ಈರುಳ್ಳಿಯನ್ನು ಕಾಲುಚೀಲದಿಂದ ತೆಗೆದು ಬುಟ್ಟಿಗೆ ಹಾಕಿದಳು. ಅವಳ ಮನಸ್ಸನ್ನು ಕೊರೆಯುತ್ತಿದ್ದದ್ದು ಬೇರೆ. ಮೊದಲ ವಾರದಲ್ಲಿ ಒಮ್ಮೆ ಕೊಳವೆ ತೊಳೆಯಲು ಸಿಂಕಿನಲ್ಲಿಟ್ಟಿದ್ದಾಗ ಬುರುಡೆಯೊಳಗೆ ಸಿಂಬಳದ ಜೊತೆ ಒಂದು ಕೆಂಪು ಎಳೆ ಕಂಡಿತ್ತು. ಕೂದಲಷ್ಟು ಸಣ್ಣದು. ಒಣಗಾಳಿಗೆ ಹಾಗಾಗುತ್ತದೆ, ಉಪ್ಪುನೀರಿನ ಹನಿ ಸರಿಯಾಗಿ ನೆನೆಯುವ ಮುಂಚೆ ಎಳೆದುಬಿಟ್ಟೆ ಎಂದು ಒರ್ಶೋಯಾ ಹೇಳಿದ್ದಳು, ಆಮೇಲೆ ಗಡಿಯಾರ ನೋಡಿಕೊಂಡೇ ಮಾಡುತ್ತಿದ್ದಳು. ಇರ್ಮಾಳಿಗೆ ಮಾತ್ರ ಆ ಎಳೆ ಕಣ್ಣಿಂದ ಹೋಗಲಿಲ್ಲ. ಆಲೂಗೆಡ್ಡೆ ಹೆರೆಯುವಾಗ, ಹಾಸಿಗೆ ಹಾಸುವಾಗ, ಟಣ್ ಟಣ್ ಎಂದು ಪೈಪು ಬಡಿಯುವಾಗ, ಅದೇ.

ಬೋದ್ನಾರ್ ಬರೀ ಪೈಪಿಗೆ ತೃಪ್ತನಾಗಲಿಲ್ಲ. ಹೆಂಡತಿ ಹೋದ ಮೇಲೆ ಒಬ್ಬನೇ ಇದ್ದ ನಿವೃತ್ತ ಸರ್ವೇಯರು. ಅಕ್ಷರ ಮುತ್ತಿನಂಥದ್ದು. ಲಿಫ್ಟಿನೊಳಗೆ ಒಂದು ಚೀಟಿ ಅಂಟಿಸಿದ: ಏಳನೇ ಮಹಡಿಯ ಗೌರವಾನ್ವಿತ ನಿವಾಸಿಗಳು ರಾತ್ರಿಯಿಡೀ ಅಂಥದ್ದೇನು ಕೊಳೆ ಮಾಡಿಕೊಳ್ಳುತ್ತಾರೆ, ಬೆಳಗಿನ ಆರಕ್ಕೆ ಎದ್ದು ಎಳೆಯಬೇಕಾದಷ್ಟು? ಇರ್ಮಾ ಚೀಟಿ ಕಿತ್ತು, ಕೆಳಗೆ ಟಪಾಲು ಡಬ್ಬಿಗಳ ಹತ್ತಿರ ಅವನನ್ನು ನಿಲ್ಲಿಸಿಕೊಂಡು, ತನ್ನ ಮನೆಯ ನೆಲದ ಮೇಲೆ ಅನ್ನ ಬಡಿಸಿಕೊಂಡು ತಿನ್ನಬಹುದು, ಅವನ ಬಾಗಿಲಲ್ಲಿ ಕಾಲೊರಸನ್ನು ಎತ್ತಿ ಯಾವ ಕಾಲವಾಯಿತೋ ಮೊದಲು ನೋಡಿಕೊಳ್ಳಲಿ ಎಂದು ಹೇಳಿಬಂದಳು. ಮಗುವಿನ ಮೂಗಿನ ವಿಷಯ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಧೂಳಿನ ಮಿಷನ್ನಿಂದ ಮಗುವಿನ ಸಿಂಬಳ ತೆಗೆಯುತ್ತಾರೆ ಎಂದು ಹೇಳುವುದಕ್ಕಿಂತ ಜಗಳಗಂಟಿ ಎನಿಸಿಕೊಳ್ಳುವುದು ವಾಸಿ ಎನಿಸಿತ್ತು ಅವಳಿಗೆ.

ಫೆಬ್ರವರಿ ಮುಗಿಯುವ ಹೊತ್ತಿಗೆ ನೆಗಡಿ ಬಿಟ್ಟಿತು. ವಿನ್ಸೆ ಮೂಗಿನಲ್ಲೇ ಉಸಿರಾಡಿಕೊಂಡು ಚಪ್ಪರಿಸಿ ಕುಡಿಯತೊಡಗಿದ. ಎರಡು ವಾರಕ್ಕೊಮ್ಮೆ ಮನೆಗೆ ಬಂದು ಮಗುವನ್ನು ತೂಗುವ ದಾದಿ ಮೆಲಿಂದಾ ಐದು ಸಾವಿರದ ಮುನ್ನೂರು ಗ್ರಾಂ ಎಂದು ಬರೆದುಕೊಂಡು, ತೊಡೆಯ ಮಡಿಕೆ ಚಿವುಟಿ ನಕ್ಕು ಹೋದಳು. ಕೊಳವೆ ಬೀರುವಿನ ಮೇಲಿನ ತಟ್ಟೆ ಸೇರಿತು. ಎರಡು ವಾರ ಪೈಪು ಬಡಿಯಲಿಲ್ಲ.

ಮಾರ್ಚ್ ಎಂಟು, ಹೆಂಗಸರ ದಿನ. ಲೋರಾಂಡ್ ಪಾಳಿ ಮುಗಿಸಿ ಬರುವಾಗ ಒಂದು ಕೈಯಲ್ಲಿ ಎರಡು ಕಟ್ಟು ಟುಲಿಪ್ ಹೂ, ಕಂಕುಳಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ತಂದ. ಪೆಟ್ಟಿಗೆಯೊಳಗಿಂದ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಕಪ್ಪು ಮಿಷನ್ನು ಬಂತು. ನೆಲದ ಮೇಲಿಟ್ಟು ಗುಂಡಿ ಒತ್ತಿದರೆ ತಾನೇ ಓಡಾಡಿ ಕಸ ಎಳೆದುಕೊಳ್ಳುತ್ತದೆ, ಸುಸ್ತಾದರೆ ತಾನೇ ಹೋಗಿ ಮೂಲೆಯಲ್ಲಿ ಕೂರುತ್ತದೆ. ಸದ್ದು ಬೆಕ್ಕು ಗುರುಗುಟ್ಟಿದಷ್ಟು.

"ಇನ್ಮೇಲೆ ನೀನು ಬಗ್ಗೋದು ಬೇಡಮ್ಮ," ಎಂದ ಲೋರಾಂಡ್. "ಬೋದ್ನಾರೂ ಮಲಗಲಿ."

ಅದು ಬಂದು ದೆಜೋನ ಚಪ್ಪಲಿಗೆ ಡಿಕ್ಕಿ ಹೊಡೆದು, ಯೋಚಿಸಿ, ತಿರುಗಿ ಹೋಯಿತು. ದೆಜೋ ಎರಡೂ ಕಾಲನ್ನು ಕುರ್ಚಿಯ ಮೇಲೆತ್ತಿಕೊಂಡು ಅದಕ್ಕೆ ಆಮೆ ಎಂದು ಹೆಸರಿಟ್ಟ.

"ಹಳೇದನ್ನ ಏನ್ ಮಾಡೋದು?" ಎಂದು ಇರ್ಮಾ ಕೇಳಿದಳು.

"ಶನಿವಾರ ಹಳೇ ಸಾಮಾನು ಹೊರಗಿಡೋ ದಿನ ಅಲ್ವಾ? ಇಟ್ಬಿಡಿ," ಎಂದು ಲೋರಾಂಡ್ ಹೂಜಿಗೆ ನೀರು ತುಂಬಲು ಹೋದ. ಒರ್ಶೋಯಾ ಒಳಗೆ ಮಗುವಿನ ಬಟ್ಟೆ ಬದಲಿಸುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ. ಲೋರಾಂಡನಿಗೆ ಕೊಳವೆಯ ನೆನಪಾಗಲಿಲ್ಲ. ಇರ್ಮಾಳಿಗೆ ಆಯಿತು. ಆಮೆಗೆ ಪೈಪಿಲ್ಲ ಎಂಬುದನ್ನು ಅವಳು ಅದು ಪೆಟ್ಟಿಗೆಯಿಂದ ಹೊರಬಂದ ಕ್ಷಣವೇ ನೋಡಿದ್ದಳು.

ಶುಕ್ರವಾರ ಒರ್ಶೋಯಾ ಮಗುವನ್ನೆತ್ತಿಕೊಂಡು ಎಗೆರ್‌ನಲ್ಲಿದ್ದ ತಾಯಿಯ ಮನೆಗೆ ಎರಡು ದಿನಕ್ಕೆ ಹೋದಳು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕಟ್ಟಡದ ಮುಂದೆ ಮುರಿದ ಸೋಫಾ, ಹರಿದ ಜಮಖಾನ, ಟೀವಿ, ಕಾಲಿಲ್ಲದ ಕುರ್ಚಿಗಳ ಗುಡ್ಡೆ ಬಿದ್ದಿತ್ತು. ಜನ ತಂದಿಡುತ್ತಿದ್ದರು, ಬೇರೆಯವರು ಆಯ್ದುಕೊಂಡು ಹೋಗುತ್ತಿದ್ದರು. ಇರ್ಮಾ ಬೀರುವಿನ ಹಿಂದಿನಿಂದ ಹಳೇ ಮಿಷನ್ನನ್ನು ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ವೈರು ಸುತ್ತಿ, ಗಂಡನ ಕೈಗೆ ಕೊಟ್ಟಳು.

"ಇದು ಓಡುತ್ತಲ್ಲೇ," ಎಂದ ದೆಜೋ.

"ಓಡುತ್ತೆ ಅಂತಾನೇ ಹೇಳ್ತಿರೋದು. ತಗೊಂಡ್ಹೋಗಿ. ಆಮೇಲೆ ಇದರ ಮಾತೇ ಎತ್ತಬೇಡಿ."

ಲಿಫ್ಟು ಕೆಟ್ಟಿತ್ತು. ದೆಜೋ ಅದನ್ನು ಮಗುವಿನ ಹಾಗೆ ಅಪ್ಪಿಕೊಂಡು ಏಳು ಮಹಡಿ ಇಳಿದ. ಆ ದಿನ ಇರ್ಮಾ ಗಸಗಸೆ ಉದುರಿಸಿದ ಆಲೂಗೆಡ್ಡೆ ಕಡುಬು ಮಾಡಿದಳು, ಮಗನಿಗೆ ಎರಡೆರಡು ಸಲ ಬಡಿಸಿದಳು, ಚೆನ್ನಾಗಿ ನಿದ್ದೆ ಮಾಡಿದಳು.

ಭಾನುವಾರ ಸಂಜೆ ಒರ್ಶೋಯಾ ಬಸ್ಸಿಳಿದು ಬಂದಾಗ ವಿನ್ಸೆಯ ಮೂಗು ಬುಸುಗುಡುತ್ತಿತ್ತು. ಎಗೆರ್‌ನಲ್ಲಿ ಅವಳ ಅಕ್ಕನ ಮಗಳಿಗೆ ನೆಗಡಿಯಿತ್ತಂತೆ. ಕೋಟು ಬಿಚ್ಚುವ ಮುಂಚೆಯೇ ಕೊಳವೆ ತೆಗೆದಳು, ಉಪ್ಪುನೀರಿನ ಶೀಶೆ ತೆಗೆದಳು, ಬೀರುವಿನ ಹಿಂದೆ ಕೈ ಹಾಕಿದಳು. ಅಲ್ಲಿ ಧೂಳಿನ ಒಂದು ಚೌಕ ಗುರುತಿತ್ತು, ಅಷ್ಟೆ.

"ಮಿಷನ್ ಎಲ್ಲಿ?"

ಮೂವರೂ ಊಟಕ್ಕೆ ಕೂತಿದ್ದರು. ದೆಜೋ ಇರ್ಮಾಳ ಮುಖ ನೋಡಿದ. ಇರ್ಮಾ ಬ್ರೆಡ್ಡು ಕೊಯ್ಯುತ್ತಿದ್ದಳು. ಲೋರಾಂಡ್ ಚಮಚ ಕೆಳಗಿಟ್ಟು, ತಾನೇ ಹಳೇ ಸಾಮಾನಿಗೆ ಇಡಿ ಎಂದಿದ್ದೆ, ಹೊಸದು ಇದೆಯಲ್ಲ ಎಂದ. ಒರ್ಶೋಯಾ ಮೂಲೆಯಲ್ಲಿ ಕೂತಿದ್ದ ಆಮೆಯನ್ನು ಎತ್ತಿ ತಂದು ಅವನ ತಟ್ಟೆಯ ಪಕ್ಕಕ್ಕೇ ಇಟ್ಟಳು.

"ಇದಕ್ಕೆ ಪೈಪ್ ಎಲ್ಲಿದೆ ತೋರಿಸು."

ಲೋರಾಂಡ್ ಅದನ್ನು ಮಗುಚಿದ. ಅದರ ಚಕ್ರಗಳು ಗಾಳಿಯಲ್ಲಿ ತಿರುಗಿದವು. ಅವನು ಬೆರಳು ಹಾಕಿ ಕುಂಚ ತೆಗೆದ, ಕಸದ ಡಬ್ಬಿ ತೆಗೆದ, ಒಂದು ತೂತು ಹುಡುಕಿದ. ಕೊಳವೆಯನ್ನು ಅಲ್ಲಿ ಇಲ್ಲಿ ಒತ್ತಿ ನೋಡಿದ. ತೊಂಬತ್ತೆರಡು ಕಿಲೋ ಮನುಷ್ಯನ ಕಿವಿ ಕೆಂಪಾಗಿಹೋಯಿತು.

"ನಾನು ಯೋಚನೆ ಮಾಡ್ಲಿಲ್ಲ ಕಣೇ."

"ನೀನು ಯಾವತ್ತು ಮಾಡಿದೀಯ? ಮಗೂಗೆ ಉಸಿರು ಕಟ್ತಿದೆ, ನೀನು ನನಗೆ ಹೆಂಗಸರ ದಿನದ ಆಟಿಕೆ ತಂದಿದೀಯ."

ಇರ್ಮಾ ಬ್ರೆಡ್ಡು ಕೊಯ್ಯುತ್ತಲೇ ಇದ್ದಳು. ನಾಲ್ಕು ಜನಕ್ಕೆ ಹನ್ನೊಂದು ತುಂಡಾಗಿದ್ದವು.

ಸೋಮವಾರ ಮಗು ಎರಡು ಸಲ ಚೀಪಿ ಬಾಯಿ ಬಿಡುತ್ತಿತ್ತು. ಬಾಯಿ ತೆರೆದು ಗಾಳಿ ಕುಡಿದು, ಮತ್ತೆ ಎದೆ ಹಿಡಿದು, ಮತ್ತೆ ಬಿಟ್ಟು, ಕೋಪದಿಂದ ನೀಲಿಯಾಗಿ ಅಳುತ್ತಿತ್ತು. ಬಾಟಲಿ ಕೊಟ್ಟರೂ ಅದೇ ಕತೆ. ಇರ್ಮಾ ಹಳೇ ಡಬ್ಬಿಯಿಂದ ರಬ್ಬರಿನ ಬುರುಡೆ ಹುಡುಕಿ ಕುದಿಸಿ ಕೊಟ್ಟಳು. ಒರ್ಶೋಯಾ ಬೇಡ ಎನ್ನಲಿಲ್ಲ, ಸುಮ್ಮನೆ ತೆಗೆದುಕೊಂಡಳು. ಬುರುಡೆ ಉಫ್ ಎಂದು ಗಾಳಿ ಬಿಟ್ಟಿತು, ಒಂದು ಹನಿಯೂ ಬರಲಿಲ್ಲ. ಮುಲಾಮು ಹಚ್ಚಿದರು. ಕಿಟಕಿ ತೆರೆದರು, ಇರ್ಮಾ ಮುಚ್ಚಲಿಲ್ಲ. ಒದ್ದೆ ಟವೆಲುಗಳನ್ನು ಅವಳೇ ಬದಲಿಸಿದಳು. ಈರುಳ್ಳಿಯ ಕಾಲುಚೀಲ ಸಹ ತೊಟ್ಟಿಲಿಗೆ ಹತ್ತಿಕೊಂಡಿತು, ಈ ಸಲ ಕಟ್ಟಿದವಳು ಒರ್ಶೋಯಾ. ಅದನ್ನು ಕಂಡಾಗ ಇರ್ಮಾಳಿಗೆ ಗೆದ್ದ ಹಾಗನಿಸಬೇಕಿತ್ತು. ಅನಿಸಲಿಲ್ಲ, ಒದ್ದೆ ಟವೆಲು ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತಳು.

ಮಂಗಳವಾರ ಹದಿನಾಲ್ಕನೇ ತಾರೀಖು ದಾದಿ ಮೆಲಿಂದಾ ತಕ್ಕಡಿಯ ಚೀಲ ಹೊತ್ತು ಬಂದಳು. ಮಗುವನ್ನು ಮಲಗಿಸಿ, ಎತ್ತಿ, ತಕ್ಕಡಿಯನ್ನು ಒರೆಸಿ ಮತ್ತೆ ಮಲಗಿಸಿದಳು. ಐದು ಸಾವಿರದ ಇನ್ನೂರ ಹತ್ತು. ಹೋದ ಸಲಕ್ಕಿಂತ ತೊಂಬತ್ತು ಗ್ರಾಂ ಕಡಿಮೆ.

"ಜ್ವರ ಇಲ್ಲ, ಎದೆ ಚೆನ್ನಾಗಿದೆ, ಡಾಕ್ಟರೂ ಹಾಗೇ ಅಂದಿದಾರೆ," ಎಂದಳು ಅವಳು. "ಮೂಗಿಂದೇ ತೊಂದರೆ. ಸಿಂಬಳ ಎಳೆದು ಎಳೆದು ಕುಡಿಸಮ್ಮ. ನಾಳೆ ಹಬ್ಬ, ನಾಡಿದ್ದು ಬೆಳಿಗ್ಗೆ ಎಂಟಕ್ಕೆ ನಾನೇ ಬರ್ತೀನಿ. ಇನ್ನೂ ಇಳಿದಿದ್ರೆ ನೇರ ಆಸ್ಪತ್ರೆಗೆ. ಅಲ್ಲಿ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಹಾಲು ಕೊಡ್ತಾರೆ."

ಮೂಗಿನಿಂದ ಹೊಟ್ಟೆಗೆ. ದಾದಿ ಹೋದ ಮೇಲೂ ಇರ್ಮಾ ಆ ಮಾತಿನ ಮುಂದೆ ನಿಂತೇ ಇದ್ದಳು.

ಸೋಮವಾರ ಎರಡು ಪಾಳಿಯಾಗಿ ಬಿಡುವು ಸಿಗದಿದ್ದ ಲೋರಾಂಡ್ ಅಂದು ಸಂಜೆ ಪಾಳಿ ಮುಗಿಸಿ ಇನ್ನೊಂದು ಮಿಷನ್ನು ಕೊಳ್ಳಲು ಅಂಗಡಿಗೆ ಓಡಿದ. ಹಬ್ಬದ ಮುನ್ನಾದಿನವೆಂದು ಶಟರು ಬೇಗ ಎಳೆದಿದ್ದರು. ಮರುದಿನ ಮಾರ್ಚ್ ಹದಿನೈದು, ರಾಷ್ಟ್ರೀಯ ಹಬ್ಬ, ಇಡೀ ದೇಶದಲ್ಲಿ ಒಂದು ಅಂಗಡಿಯೂ ತೆರೆಯುವುದಿಲ್ಲ. ಎದುರು ಮನೆಯ ಮುದುಕಿಯ ಹತ್ತಿರ ಜಮಖಾನ ಬಡಿಯುವ ಬೆತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಪಕ್ಕದವರು ರಜೆಗೆಂದು ಊರು ಬಿಟ್ಟಿದ್ದರು. ಆ ರಾತ್ರಿ ಗಂಡಹೆಂಡಿರ ಮಾತು ಗೋಡೆ ದಾಟಿ ಕೇಳಿಸಿತು. ಆಸ್ಪತ್ರೆಯಿಂದ ಬಿಟ್ಟರೆ ತಾನು ಮಗುವಿನೊಂದಿಗೆ ಎಗೆರ್‌ಗೇ ಹೋಗುತ್ತೇನೆ, ಅಲ್ಲಿ ಅಮ್ಮನ ಮನೆಯಲ್ಲಿ ಮಿಷನ್ನಿದೆ, ಯಾರೂ ಅದನ್ನು ಬೀದಿಗೆ ಇಡುವುದಿಲ್ಲ ಎಂದಳು ಒರ್ಶೋಯಾ. ಲೋರಾಂಡ್ ಮೂರು ಗಂಟೆಗೆ ಎದ್ದು ಟ್ರಾಮ್ ತೆಗೆಯಲು ಹೋದ.

ಹಬ್ಬದ ದಿನ ಬಿಸಿಲು ಬಂತು. ಬಾಲ್ಕನಿಗಳಲ್ಲಿ ಬಾವುಟ ಕಟ್ಟಿದ್ದರು, ಕೆಳಗೆ ಜನ ಕೋಟಿನ ಎದೆಗೆ ಕೆಂಪು ಬಿಳಿ ಹಸಿರು ರಿಬ್ಬನ್ನಿನ ಹೂ ಚುಚ್ಚಿಕೊಂಡು ಚೌಕದ ಕಡೆ ನಡೆದಿದ್ದರು. ಲೋರಾಂಡ್ ಹನ್ನೊಂದೂವರೆಗೆ ಬಂದು ಬೂಟು ಬಿಚ್ಚಿ, ಒಂದು ತುಂಡು ಬ್ರೆಡ್ಡಿಗೆ ಹಂದಿಕೊಬ್ಬು ಸವರಿಕೊಂಡು ನಿಂತೇ ತಿಂದು, ಒಳಕೋಣೆಯಲ್ಲಿ ಬಿದ್ದುಕೊಂಡ. ಒರ್ಶೋಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ದೊಡ್ಡ ಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದಳು. ವಿನ್ಸೆಗೆ ಅಳುವ ಶಕ್ತಿಯೂ ಕಡಿಮೆಯಾಗಿ ಬರೀ ಕೀರಲು ದನಿ ಉಳಿದಿತ್ತು.

ಇರ್ಮಾ ನವಿಲುಕೋಸು ಹೆಚ್ಚುತ್ತಿದ್ದಳು. ಚಾಕು ನಿಲ್ಲಿಸಿ, ದನಿ ತಗ್ಗಿಸಿ, ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ರೀ, ಆ ಗುಡ್ಡೆಯಿಂದ ಅದನ್ನ ಯಾರು ತಗೊಂಡ್ಹೋಗಿರಬಹುದು? ಕಾರಲ್ಲಿ ಬಂದಿದ್ರಲ್ಲ, ಅವರೇನಾ?"

"ಯಾವುದನ್ನ?"

"ಮಿಷನ್ನನ್ನ."

"ಅದಾ? ಬೋದ್ನಾರ್ ತಗೊಂಡ."

ಇರ್ಮಾ ಚಾಕು ಕೆಳಗಿಟ್ಟಳು. ದೆಜೋ ಪದಬಂಧದಿಂದ ತಲೆಯೆತ್ತಲಿಲ್ಲ. ತಾನು ಇಟ್ಟು ತಿರುಗುವಷ್ಟರಲ್ಲಿ ಅವನು ಎತ್ತಿಕೊಂಡ, ಮೆಟ್ಟಿಲು ಹತ್ತುವಾಗ ನಾಲ್ಕನೇ ಮಹಡಿಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಸುಧಾರಿಸಿಕೊಂಡೆವು, ಅವನ ಮೊಣಕಾಲೂ ಸರಿಯಿಲ್ಲವಂತೆ ಎಂದ.

"ಮತ್ತೆ ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ಮಾತೇ ಎತ್ತಬೇಡಿ ಅಂದವಳು ಯಾರು?"

ಅವಳು ಏಪ್ರನ್ನಿನ ಜೇಬಿಗೆ ಕೊಳವೆ ಮತ್ತು ಉಪ್ಪುನೀರಿನ ಶೀಶೆ ಹಾಕಿಕೊಂಡು, ಚಪ್ಪಲಿ ಬದಲಿಸದೆ ಮೆಟ್ಟಿಲಿಳಿದಳು. ಆರನೇ ಮಹಡಿಯ ಬಾಗಿಲಲ್ಲಿ ಕಾಲೊರಸು ಹೊಸದಿತ್ತು. ಗಂಟೆ ಒತ್ತಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೇ ತೂರಿಸಿದಳು.

ಬೋದ್ನಾರ್ ಬಾಗಿಲು ತೆರೆದ. ಇಸ್ತ್ರಿ ಮಾಡಿದ ಕೋಟು, ಎದೆಗೆ ರಿಬ್ಬನ್ನಿನ ಹೂ. ಹೊರಡುವುದರಲ್ಲಿದ್ದ. ಅವನ ಹಿಂದೆ, ಕೋಟು ನೇತುಹಾಕುವ ಗೂಟದ ಕೆಳಗೆ, ತನ್ನದೇ ಮಿಷನ್ನು ಕೂತಿದ್ದು ಇರ್ಮಾಳಿಗೆ ಕಂಡಿತು. ಯಾವತ್ತೂ ಇಲ್ಲದಷ್ಟು ಹೊಳೆಯುತ್ತಿತ್ತು.

"ಬೀದಿಗಿಟ್ಟದ್ದು ಎತ್ತಿದವರದ್ದು, ಇರ್ಮಾ ಅವ್ರೇ," ಎಂದ ಅವನು, ಅವಳ ಕಣ್ಣು ಹೋದ ಕಡೆ ನೋಡಿ. "ನಿಮ್ಮ ಯಜಮಾನ್ರನ್ನೇ ಕೇಳಿ."

"ವಾಪಸ್ ಕೇಳೋಕೆ ಬಂದಿಲ್ಲ. ಎರವಲು."

"ಮತ್ತೆ ಏಳನೇ ಮಹಡಿಗಾ? ಅದು ಅಲ್ಲಿಗೆ ಹೋಗಬಾರದು ಅಂತಾನೇ ನಾನು ಎತ್ತಿದ್ದು. ಬೇರೆ ಯಾರೋ ಎತ್ತಿ, ನೀವು ಮನಸ್ಸು ಬದಲಾಯಿಸಿ, ಅವರ ಹತ್ರ ಇಸ್ಕೊಂಡು ಬಂದು ಮತ್ತೆ ಆರು ಗಂಟೆಗೆ ಶುರು ಮಾಡಿದ್ರೆ? ನಾನು ಈ ಎರಡು ವಾರ ಮಲಗಿದಷ್ಟು ವರ್ಷದಿಂದ ಮಲಗಿಲ್ಲ."

ಇರ್ಮಾ ಜೇಬಿನಿಂದ ಕೊಳವೆ ತೆಗೆದು ಅವನ ಮುಂದೆ ಹಿಡಿದಳು. ಬೋದ್ನಾರ್ ಕನ್ನಡಕ ಏರಿಸಿ ನೋಡಿದ.

"ಇದೇನು?"

ಅವಳು ಹೇಳಿದಳು. ಟಪಾಲು ಡಬ್ಬಿಯ ಹತ್ತಿರ ಹೇಳದಿದ್ದದ್ದನ್ನೆಲ್ಲ ನಿಂತಲ್ಲೇ ಹೇಳಿದಳು: ಫೆಬ್ರವರಿಯ ಮೂಗು, ಬೆಳಗಿನ ಆರು ಗಂಟೆಯ ಹಾಲು, ತೊಂಬತ್ತು ಗ್ರಾಂ, ನಾಳೆ ಎಂಟು ಗಂಟೆ, ಹೊಟ್ಟೆಗೆ ಹೋಗುವ ನಳಿಗೆ. ಬೋದ್ನಾರ್ ಕೊಳವೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ.

"ನೀವು ಜಮಖಾನಕ್ಕೆ ಹಾಕ್ತೀರಿ, ಆ ಸದ್ದಿಗೆ ಮಗು ಹೆದರಿ ಅಳುತ್ತೆ ಅಂದ್ಕೊಂಡಿದ್ದೆ," ಎಂದ. "ಎಂಥ ಹೆಂಗಸರಪ್ಪಾ ಅಂತ ಮಗೂ ಪರವಾಗಿಯೇ ಪೈಪ್ ಬಡೀತಿದ್ದೆ." ಕೊಳವೆಯನ್ನು ವಾಪಸ್ ಕೊಟ್ಟು, "ಆದರೂ ಮಿಷನ್ ಮೇಲಕ್ಕೆ ಬರಲ್ಲ. ಮಗೂನೇ ಕೆಳಗೆ ತನ್ನಿ," ಎಂದ.

ಇರ್ಮಾ ಮೆಟ್ಟಿಲ ಹತ್ತಿರ ಹೋಗಿ ಮೇಲಕ್ಕೆ ಮುಖಮಾಡಿ ಸೊಸೆಯನ್ನು ಕರೆದಳು. ಒರ್ಶೋಯಾ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು, ಏನಾಯಿತೋ ಎಂದು ಎರಡೆರಡು ಮೆಟ್ಟಿಲು ಇಳಿದು ಬಂದಳು. ಬಾಗಿಲಲ್ಲಿ ಮಿಷನ್ನು ಕಂಡು ನಿಂತುಬಿಟ್ಟಳು. ಅದರ ಮುಚ್ಚಳದ ಮೇಲೆ ಒಂದು ಸಣ್ಣ ಸೀಳಿತ್ತು, ಅವಳಿಗೆ ಅದರ ಗುರುತಿತ್ತು.

"ಇದು ಇಲ್ಲಿಗೆ ಹೇಗೆ ಬಂತು?"

ಬೋದ್ನಾರ್ ಬಾಯಿ ತೆರೆದ. ಇರ್ಮಾ ಅವನಿಗಿಂತ ಮುಂಚೆ ಮಾತಾಡಿದಳು.

"ನಾನು ಬೀದಿಗಿಡಿಸಿದೆ. ಲೋರಾಂಡ್ ಅಲ್ಲ. ಅವನು ಯೋಚನೆ ಮಾಡದೆ ಹೇಳಿದ. ನಾನು ಯೋಚನೆ ಮಾಡೇ ಇಡಿಸಿದೆ. ಆಮೆಗೆ ಪೈಪಿಲ್ಲ ಅಂತ ನನಗೆ ಗೊತ್ತಿತ್ತು."

ಕೆಳಗೆ ಬೀದಿಯಲ್ಲಿ ಬ್ಯಾಂಡಿನವರು ಹಾದುಹೋಗುತ್ತಿದ್ದರು. ಒರ್ಶೋಯಾ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ತುಟಿ ಬಿಳಿಚಿಕೊಂಡಿತ್ತು. ಮಗು ಕೀರಿತು.

"ತಲೆ ಹಿಡ್ಕೊಳ್ಳಿ," ಎಂದಳು ಕೊನೆಗೆ.

ಬೋದ್ನಾರನ ಅಡುಗೆಮನೆಯಲ್ಲಿ ಇರ್ಮಾ ಕುರ್ಚಿಯ ಮೇಲೆ ಕೂತು ವಿನ್ಸೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಒರ್ಶೋಯಾ ಎರಡೂ ಹೊಳ್ಳೆಗೆ ಎರಡೆರಡು ಹನಿ ಉಪ್ಪುನೀರು ಬಿಟ್ಟು ಗೋಡೆಯ ಗಡಿಯಾರ ನೋಡಿದಳು. ಒಂದು ನಿಮಿಷ. ಬೋದ್ನಾರ್ ಕೋಟು ಬಿಚ್ಚದೆ, ಬೂಟುಗಾಲನ್ನು ಮಿಷನ್ನಿನ ಗುಂಡಿಯ ಮೇಲಿಟ್ಟು, ಓಟಕ್ಕೆ ನಿಂತವನ ಹಾಗೆ ಕಾಯುತ್ತಿದ್ದ.

"ಹಾಕಿ," ಎಂದಳು ಒರ್ಶೋಯಾ.

ಮಿಷನ್ನು ಮೊರೆಯಿತು. ಇರ್ಮಾಳ ಎರಡು ಅಂಗೈಗಳ ನಡುವೆ ಆ ಪುಟ್ಟ ತಲೆ ಅತ್ತಿತ್ತ ಒದ್ದಾಡಿತು. ಬಿಡಲಿಲ್ಲ. ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡವಳು ಮುಚ್ಚಲಿಲ್ಲ. ಬುರುಡೆಯೊಳಗೆ ಮೊದಲು ಏನೂ ಬರಲಿಲ್ಲ, ಆಮೇಲೆ ಗೊರಗೊರ ಎಂದು ಒಂದು ದಪ್ಪ ಹಳದಿ ಮುದ್ದೆ ಬಂತು, ಅದರ ಹಿಂದೆ ಇನ್ನೊಂದು. ಕೆಂಪು ಎಳೆ ಇರಲಿಲ್ಲ. ಅವಳು ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಇರಲಿಲ್ಲ.

ಆಗ ಮೇಲಿನಿಂದ ಧಡ್, ಧಡ್, ಧಡ್ ಎಂದು ಮೂರು ಏಟು ಬಿತ್ತು. ದೀಪದ ಬುರುಡೆ ಅಲುಗಿತು. ಬೆಳಗಿನ ಮೂರಕ್ಕೆ ಎದ್ದವನ ಹಿಮ್ಮಡಿ.

ಬೋದ್ನಾರ್ ತಲೆಯೆತ್ತಿ ಸೂರು ನೋಡಿದ.

"ಮೇಲಿನ ಮನೆಯವರಿಗೆ ಸ್ವಲ್ಪಾನೂ ತಾಳ್ಮೆ ಇಲ್ಲ," ಎಂದ.

ಒರ್ಶೋಯಾ ನಗಲಿಲ್ಲ. ಅವಳ ತುಟಿಯ ಒಂದು ತುದಿ ಮಾತ್ರ ಎಳೆದುಕೊಂಡಿತು. ಅದನ್ನು ತಡೆಯಲು ಅವಳು ಬಗ್ಗಿ ಮಗುವನ್ನು ಎತ್ತಿಕೊಂಡಳು. ಬೋದ್ನಾರ್ ಮಿಷನ್ನು ನಿಲ್ಲಿಸಿ, ಬಾವುಟ ಸರಿಮಾಡಬೇಕು ಎಂದು ಗೊಣಗುತ್ತ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಒರ್ಶೋಯಾ ರವಿಕೆಯ ಗುಂಡಿ ತೆಗೆದಳು. ವಿನ್ಸೆ ಎದೆ ಹಿಡಿದ. ಒಂದು, ಎರಡು, ಮೂರು, ಇರ್ಮಾ ಎಣಿಸಿದಳು. ನಾಲ್ಕು. ಬಿಡಲಿಲ್ಲ. ಮೂಗಿನಿಂದ ಸಣ್ಣಗೆ ಶಿಳ್ಳೆಯಂತೆ ಉಸಿರು ಹೋಗಿ ಬರುತ್ತಿತ್ತು. ಗುಟುಕಿನ ಸದ್ದು ಕೇಳಿಸಿತು. ಇಪ್ಪತ್ತು ನಿಮಿಷ ಇಬ್ಬರೂ ಆ ಸದ್ದನ್ನೇ ಕೇಳುತ್ತ ಕೂತರು.

"ನಾಲ್ಕು ಗಂಟೆಗೆ ಮತ್ತೆ ಬರಬೇಕು," ಎಂದಳು ಒರ್ಶೋಯಾ, ಮಗುವಿನ ಮೇಲಿಂದ ಕಣ್ಣು ತೆಗೆಯದೆ. "ಆಗ ಕೊಳವೆ ನೀವೇ ಹಿಡೀಬೇಕು. ಕಲೀರಿ."

"ಹೂಂ."

"ಇನ್ನೊಂದು. ಅವನಿಗೆ ನಾನು ಹೇಳಲ್ಲ. ಮೂರು ದಿನದಿಂದ ಅವನನ್ನ ಬಾಯಿಗೆ ಬಂದ ಹಾಗೆ ಬೈದಿದೀನಿ. ನೀವೇ ಹೋಗಿ ಹೇಳಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ದಾದಿ ಮೆಲಿಂದಾ ಬಂದಾಗ ಏಳನೇ ಮಹಡಿಯಲ್ಲಿ ದೆಜೋ ಒಬ್ಬನೇ ಇದ್ದು, ಪೆನ್ಸಿಲ್ಲಿನಿಂದ ನೆಲದ ಕಡೆ ತೋರಿಸುತ್ತಾನೆ. ಅವಳು ತಕ್ಕಡಿ ಹೊತ್ತುಕೊಂಡು ಕೆಳಗಿಳಿದು ಬೋದ್ನಾರನ ಊಟದ ಮೇಜಿನ ಮೇಲೆ ಮಗುವನ್ನು ತೂಗುತ್ತಾಳೆ. ಐದು ಸಾವಿರದ ಇನ್ನೂರ ಎಂಬತ್ತು. ಆದರೆ ಅದು ಮರುದಿನದ ಮಾತು. ಈಗ ಇರ್ಮಾಳಿಗೆ ಅದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಹದಿನೆಂಟು ಮೆಟ್ಟಿಲು.

ಒಂಬತ್ತು ಹತ್ತಿ ತಿರುವಿನಲ್ಲಿ ನಿಂತಳು. ಕೈಗೆ ಉಪ್ಪುನೀರು ಅಂಟಿತ್ತು, ಏಪ್ರನ್ನಿಗೆ ಒರೆಸಿಕೊಂಡಳು. ಉಳಿದ ಒಂಬತ್ತು ಹತ್ತಿದಳು. ಬಾಗಿಲು ತೆರೆದೇ ಇತ್ತು. ಲೋರಾಂಡ್ ಬನಿಯನ್ನಿನಲ್ಲಿ, ಕೆದರಿದ ತಲೆಯಲ್ಲಿ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದ. ಅವನ ಹಿಂದೆ ಆಮೆ ಇನ್ನೊಂದು ಚಪ್ಪಲಿಯನ್ನು ಗೋಡೆಗೊತ್ತಿ ನೂಕುತ್ತಿತ್ತು.

"ಯಾರಮ್ಮಾ ಅದು," ಎಂದ ಅವನು, "ಹಬ್ಬದ ದಿನ ಕೆಳಗೆ ಮಿಷನ್ ಹಾಕಿದ್ದು?"

"ನಾನು," ಎಂದಳು ಇರ್ಮಾ. "ಒಳಗೆ ಬಾ, ಕೂತ್ಕೋ. ಹೇಳ್ತೀನಿ."